ಛತ್ರಿ ಹೇಳಿದ ಕಡೆ ಬಾಗಲಾ

ಹೈದರಾಬಾದ್, ಕುಷಾಯಿಗೂಡದ ಆಚಿ, ಹೊಸ ರಸ್ತಿ ಬಾಜೂಕ
ನವೆಂಬರ್ 4, ಕಾರ್ತಿಕ ಸೋಮವಾರ

ಪ್ರೀತಿಯ ಸೊಸಿ ಭಾಗ್ಯಶ್ರೀಗೆ, ಗಾಲಿ ಮ್ಯಾಲಿನ ಮನಿಯಿಂದ ನಿನ್ನ ಅತ್ತಿ ಹರಸಿ ಬರೆಯೂದು.

ನೀ ಹ್ಯಾಂಗ ಇದ್ದಿ? ಸೊಂಟ ನೋವು ಇಳದೈತೇನು? ನಿಮ್ಮವ್ವ ಬಾಣಂತನಾ ಚಲೋ ಮಾಡತಾಳ, ಅದರಾಗ ನಂದೇನೂ ತಕರಾರಿಲ್ಲ. ಅಳವಿ ಪಾಯಸಾ ಮಾತ್ರ ನೀರಿನಂಗ ಮಾಡತಾಳ, ಗಟ್ಟಿ ಮಾಡು ಅಂತ ಹೇಳು, ನಾ ಹೇಳೀನಿ ಅಂತ ಹೇಳಬ್ಯಾಡ. ಕೂಸಿನ ಎದಿಯಾಗಿನ ಗೊರಗೊರ ನಿಂತೈತೇನು? ತೊಟ್ಟಲದಾಗ ಹಾಕಿದ ದಿನ ನಾ ಎತಗೊಂಡಾಗ ಬೆನ್ನಿಗೆ ಕೈ ಇಟ್ಟರ ಒಳಗ ಬೆಕ್ಕು ಮಲಗಿದಂಗ ಸಪ್ಪಳ ಇತ್ತು. ದವಾಖಾನಿ ಡಾಕ್ಟರಬಾಯಿ, ಇದನ್ನ ಧೂಳಿನ್ಯಾಗ ಇಡಬ್ಯಾಡರಿ ಅಂದಿದ್ದು ನನ್ನ ತಲಿಯಾಗ ಕುಂತುಬಿಟ್ಟೈತಿ. ನನ್ನದೇನು ಕೇಳತಿ. ಮುಂಜಾನೆ ಏಳತೀನಿ, ಸಂಜಿಗೆ ಬೀಳತೀನಿ. ಫೋನ್ ಮಾಡಬಹುದಿತ್ತು ಅಂತಿ. ನಿಮ್ಮ ಕಡೆ ಫೋನ್ ನಿಮ್ಮಣ್ಣನ ಕಿಸೇದಾಗ, ಇಲ್ಲಿ ನಿನ್ನ ಗಂಡನ ಕೈಯಾಗ, ನಡಬರ್ಕ ನಾವಿಬ್ಬರು ಏನು ಮಾತಾಡೂದು? ನಮ್ಮ ರಸ್ತಿ ಗ್ಯಾಂಗಿನ ಶರಣಬಸಮ್ಮ ಊರಿಗೆ ಹೊಂಟಾಳ, ಆಕಿ ಕೈಯಾಗ ಈ ಚೀಟಿ ಕೊಡಾಕತ್ತೀನಿ. ನಾಕನೇ ಇಯತ್ತಾ ಕಲತಾಕಿ ಬರದದ್ದು, ಅಕ್ಷರಾ ಸೊಟ್ಟ ಇದ್ರ ಸೊಟ್ಟನೇ ಓದು.

ಈಗ ಸುದ್ದಿ. ಟೀವಿ ಬಂದೈತಿ. ಅಷ್ಟು ಬರದ್ರ ಸಾಕು ಆಕಿ ಬರತಾಳ ಅಂತ ನಿನ್ನ ಗಂಡ ಅಂಬಾದಾಸ ಅಂದ, ಅದಕ್ಕ ಮೊದಲ ಅದನ್ನ ಬರದೀನಿ. ನೀ ಬಸರಾಗಿ ತವರಿಗೆ ಹೋಗೋ ಮುಂದ, ದಿನಾ ಪೂರ್ತಿ ಒಂದು ಕನ್ನಡ ಮಾತು ಕಿವಿಗೆ ಬೀಳೂದಿಲ್ಲ, ಬರೇ ಅತ್ತಿ ಬೈಗಳಾ ಅಂತ ಅಂದಿದ್ದೆಲ್ಲಾ, ಅದನ್ನ ಅವ ಮನಸಿಗೆ ಹಚಗೊಂಡಾನ. ನನ್ನ ಬೈಗಳಾನೂ ಕನ್ನಡದಾಗೇ ಇದ್ದುವು, ಅವು ನಿನ್ನ ಲೆಕ್ಕಕ್ಕ ಬರಲಿಲ್ಲ, ಇರಲಿ. ಮಲ್ಕಾಜ್‌ಗಿರ್‍ಯಾಗ ನಿಂತಿದ್ದಾಗ ಬಾಜೂಕಿನ ಚಾದ ಅಂಗಡಿಯಿಂದ ಕೇಬಲ್ ವಾಯರ್ ಎಳದಿದ್ದು ನಿನಗ ಗೊತ್ತಲ್ಲ. ಆ ಲೋಕಲ್ ಚಾನಲ್‌ನ್ಯಾಗ ಯಾವ ಗಲ್ಲಿಗೆ ನೀರು ಬಿಡತಾರ, ಯಾರ ಎಮ್ಮಿ ಕಳದೈತಿ, ಎಲ್ಲಾ ತೆಲುಗಿನ್ಯಾಗ ಹೇಳತಿದ್ರು, ನಾ ಅರ್ಧಾ ತಿಳಕೊಂಡು ಇನ್ನರ್ಧಾ ನಿನಗ ಸುಳ್ಳು ಹೇಳತಿದ್ದೆ. ರಸ್ತಿ ಮುಂದ ಹೋತು, ನಮ್ಮ ತಗಡಿನ ಖೋಲಿಗೆ ಟ್ರ್ಯಾಕ್ಟರ್ ಕಟ್ಟಿ ಎಳದ್ರು, ವಾಯರ್ ಅಲ್ಲೇ ಉಳೀತು. ನಿನ್ನ ಗಂಡ ಸಿಕಂದರಾಬಾದಿಗೆ ಹೋಗಿ ಯಾರೋ ಬಿಚ್ಚಿ ಮಾರಿದ ಛತ್ರಿ ಹೊತಗೊಂಡು ಬಂದ. ಮಳಿಗೆ ಹಿಡಿಯೋ ಛತ್ರಿ ಅಲ್ಲ, ಮಾಳಿಗಿ ಮ್ಯಾಲ ಆಕಾಶ ನೋಡಕೋತ ಕುಂತಿರತೈತಲ್ಲ, ಅದು. ತಿಂಗಳಾ ರೊಕ್ಕಾ ಇಲ್ಲದ ಅದರಾಗ ನಮ್ಮ ಕನ್ನಡದ ಸರಕಾರಿ ಚಾನಲ್ ಬರತೈತಂತ.

ಆ ಛತ್ರಿಗೆ ಭಾಳ ಸೊಕ್ಕು. ಅಗ್ನಿ ಮೂಲಿಗೇ ಮಾರಿ ಮಾಡಬೇಕು, ಎದುರಿಗೆ ಒಂದು ಗಿಡದ ಟೊಂಗಿ ಇರಬಾರದು, ಬ್ರಿಜ್ಜಿನ ಕಂಬ ಇರಬಾರದು. ಖೋಲಿ ಸರದಾಗೊಮ್ಮೆ ಅವ ರೋಲರ್ ಇಳದು ಬಂದು, ಉಣ್ಣಲಾರದ ತಗಡಿನ ಮ್ಯಾಲ ಏರಿ ಛತ್ರಿ ತಿರುವತಿದ್ದ, ನಾ ಒಳಗ ಟೀವಿ ಮುಂದ ಕುಂತು ಕೂಗತಿದ್ದೆ. ಬಂತೇನಬೇ? ಇಲ್ಲೋ. ಈಗ? ಹೆಣಮಗಳೊಬ್ಬಾಕಿ ಅರ್ಧಾ ಮಾರಿ ಬಂತು, ಹೋತು. ಹಿಂಗ ಕೂಗಿ ಕೂಗಿ ನನ್ನ ಗಂಟಲಾ ಹರೀತು, ಅವನ ಹೊಟ್ಟಿ ಒಣಗಿತು. ಕಡೀಕ ಬ್ಯಾಸತ್ತು, ದಸರಾದ ಮುಂದ, ಛತ್ರಿಗೆ ವೆಲ್ಡಿಂಗ್ ಹಚ್ಚಿಸಿ ಖೋಲಿ ತಲಿಗೇ ಕೂಡಿಸಿಬಿಟ್ಟ. ಇನ್ನ ಬಿಚ್ಚೂದಿಲ್ಲ, ಕಟ್ಟೂದಿಲ್ಲ ಅಂತ ನಕ್ಕ. ಖೋಲಿ ಇಲ್ಲಿಗೆ ಬಂದು ನಿಂತಾಗ ನೋಡಿದ್ರ ಛತ್ರಿ ಮಾರಿ ಎಲ್ಲೋ ಐತಿ. ಛತ್ರಿ ತಿರಗೂದಿಲ್ಲ, ಮನೀನೇ ತಿರುಗಿಸಬೇಕು. ಟ್ರ್ಯಾಕ್ಟರ್ ಓಡಸೋ ವೆಂಕಟೇಶ, "ಟೀವಿ ಕೋಸಂ ಇಲ್ಲು ತಿಪ್ಪಾಲಾ ಅಮ್ಮಾ?" ಅಂತ ಹಣಿ ಹಣಿ ಬಡಕೊಂಡ. ಟೀವಿ ಸಲುವಾಗಿ ಮನಿ ತಿರುಗಿಸೋ ಮಂದೀನ ಅವ ಎಲ್ಲಿ ನೋಡಿದ್ದಾನು? ಹಿಂದ ಮುಂದ, ಹಿಂದ ಮುಂದ ಮಾಡಿ, ಗಡಗಿ ಎರಡು ಒಡದ ಮ್ಯಾಲ ಟೀವಿ ಬಂತು. ಬಾಗಲಾ ಬಡಗಣಕ್ಕ ಹೋತು.

ಬಡಗಣಕ್ಕ ಕಲ್ಲು ಒಡದು ಖಡಿ ಮಾಡೋ ಮಶೀನು ಐತಿ, ದಿನಾ ಪೂರ್ತಿ ಧೂಳು ಹಾರಸತೈತಿ. ಈ ಚಳಿಗಾಲದಾಗ ಗಾಳೀನೂ ಅತ್ಲಾಗಿಂದನೇ ಬೀಸತೈತಿ. ಬಾಗಲಾ ಬ್ಯಾರೆ ಕಡೆ ತಿರುಗಿಸು ಅಂತ ನಾ ಅಂದೆ. ತಿರುಗಿಸಿದ್ರ ಟೀವಿ ಹೋಗತೈತಿ, ಟೀವಿ ಹೋದ್ರ ಆಕಿ ಯಾಕ ಬರತಾಳವ್ವ ಅಂದ. ಗೋಣಿ ಚೀಲ ತೋಯಿಸಿ ಬಾಗಲಕ್ಕ ಪಡದಾ ಕಟ್ಟ್ಯಾನ. ಈಗ ಧೂಳು ಬರಾಂಗಿಲ್ಲ ಅಂತಾನ. ಖೋಲಿ ಮಾಳಿಗಿಗೆ ತೊಟ್ಟಲಾ ತೂಗಬಿಡಾಕ ಕೊಂಡಿ ಸೈತ ಹಚಿಸ್ಯಾನ. ಅವ ಟೀವಿ ನೋಡೂದೇನಿಲ್ಲ. ಸಂಜಿಗೆ ಬಂದು ಅದರ ಮುಂದ ಕುಂತು ಬಾಯಿ ತಕ್ಕೊಂಡು ನಿದ್ದಿ ಹೊಡಿತಾನ. ನಾ ಬಂದ್ ಮಾಡಾಕ ಎದ್ದರ ಕಣ್ಣು ಮುಚಗೊಂಡೇ, ಇರಲಿ ಬೇ, ಆಕಿ ಬರೋತನಕ ಚಾಲೂ ಇರಲಿ ಅಂತಾನ.

ನಿನ್ನೆ ಅದರಾಗ ಒಂದು ಗಂಡಾ ಹೆಂಡತಿ ಬಂದಿದ್ರು. ರೊಕ್ಕಾ ಕೊಟ್ಟು ಗಾಲಿ ಮ್ಯಾಲಿನ ಮನಿ ಮಾಡಿಸಿ ಊರೂರು ತಿರಗತಾರಂತ. ಒಳಗ ಗಾದಿ, ಫ್ರಿಜ್ಜು, ಸಂಡಾಸು. ನಿಂತಲ್ಲೆ ಅಲ್ಲಿನ ಚಾನಲ್ ಹಿಡಿಯೋ ಕೋಲು ಬ್ಯಾರೆ. ಮನಿ ಒಳಗ ಸಂಡಾಸ ಇದ್ದ ಮ್ಯಾಲ ಇವರು ಮನಿ ಬಿಟ್ಟು ಯಾಕ ತಿರಗತಾರ ಅಂತ ಶರಣಬಸಮ್ಮಗ ಕೇಳಿದೆ, ಬಿದ್ದು ಬಿದ್ದು ನಕ್ಕಳು. ನನಗ ನಗು ಬರಲಿಲ್ಲ. ಆ ಹೆಣಮಗಳು ಬಾಗಲಾ ತೆರದು ಎಷ್ಟು ಚಂದ ಉಸರಾ ಎಳಕೊಂಡಳು ಗೊತ್ತೇನು, ಅದನ್ನೇ ನೋಡಕೋತ ಕುಂತೆ.

ಬೀಗರಿಗೆ, ನಿಮ್ಮಣ್ಣಗ ನನ್ನ ಶರಣು ಹೇಳು. ಕೂಸಿನ ಅಂಗಾಲಿಗೆ ನನ್ನ ಹೆಸರಿಲೆ ಒಂದು ಮುದ್ದು ಕೊಡು. ನೀ ಹೊಟ್ಟಿತುಂಬ ಉಣ್ಣು, ಬೆಚ್ಚಗ ಇರು, ತಲಿಗೆ ಅರಿವಿ ಕಟಗೋ.

ಇಂತಿ ನಿನ್ನ ಅತ್ತಿ
ಗದಿಗೆಮ್ಮ

ತಡಿ. ಮ್ಯಾಲಿಂದೆಲ್ಲಾ ಅಂಬಾದಾಸ ಓದ್ಯಾನ. ಈಗ ಡೀಸೆಲ್ ತರಾಕ ಹೋಗ್ಯಾನ, ಶರಣಬಸಮ್ಮ ಗಂಟು ಹಿಡಕೊಂಡು ನಿಂತಾಳ. ಇದನ್ನ ನೀ ಒಬ್ಬಾಕಿನೇ ಓದಿ ಹರದು ಒಲಿಗೆ ಹಾಕು. ಗೋಣಿ ಪಡದಾ ಏನೂ ತಡಿಯೂದಿಲ್ಲ. ಹಂಚಿನ ಮ್ಯಾಲಿನ ರೊಟ್ಟಿ ಸೈತ ಬೂದಿ ಬಣ್ಣ ಆಗತೈತಿ. ಅವ ಬರೋದರಾಗ ದಿನಾ ನಾ ಎಲ್ಲಾ ಒರಸಿ ಇಡತೀನಿ, ಅದಕ್ಕ ಅವಗ ಗೊತ್ತಿಲ್ಲ. ನನಗೇ ಕೆಮ್ಮು ಹತ್ತೈತಿ, ಆ ಕೂಸು ಇಲ್ಲಿ ಬದಕೂದಿಲ್ಲ. ಗೌರಿ ಹುಣ್ಣಿವಿಗೆ ಅವ ಸಕ್ರಿ ಆರತಿ ತಗೊಂಡು ನಿಮ್ಮನ್ನ ಕರೀಲಿಕ್ಕೆ ಬರತಾನ. ನೀ ಬರಬ್ಯಾಡ. ಧೂಳಿನ ಮಾತೂ ತಗೀಬ್ಯಾಡ, ಅವ ಇಷ್ಟು ದಿನ ತಗಡಿನ ಮ್ಯಾಲ ಏರಿ ಏರಿ ಮಾಡಿದ್ದು ಅವನ ಕೂಸಿಗೇ ಬ್ಯಾಡಾತು ಅಂತ ಅವಗ ತಿಳಿಯೂದು ಬ್ಯಾಡ. ಬಾಣಂತಿನ್ನ ಕರೀಲಿಕ್ಕೆ ಅತ್ತಿ ಖುದ್ದ ಬಂದು ಉಡಿ ತುಂಬಬೇಕು, ಬರಲಿಲ್ಲ ಅಂದ್ರ ನಾ ಹೊಸ್ತಲಾ ದಾಟೂದಿಲ್ಲ ಅಂತ ಹಟಾ ಹಿಡಿ. ಮನಿ ಕಾಯೋರಿಲ್ಲ ಅಂತ ನೆವಾ ಹೇಳಿ ನಾ ಇಲ್ಲೇ ಕೂಡತೀನಿ. ರಸ್ತಿ ಈ ಮಶೀನು ದಾಟಿದ ಮ್ಯಾಲ ನಾನೇ ಬರತೀನಿ. ಅಲ್ಲೀತನಕ ಅತ್ತಿ ಸೊಕ್ಕಿನಾಕಿ, ಸೊಸಿನ್ನ ಕರೀಲಿಕ್ಕೆ ಬರಲಿಲ್ಲ ಅಂತ ಊರ ತುಂಬ ಹೇಳು. ನಿಮ್ಮವ್ವಗೂ ಹಂಗೇ ಹೇಳು. ಅದನ್ನ ಯಾರೂ ಎರಡನೇ ಮಾತು ಕೇಳಲಾರದ ನಂಬತಾರ.