ಕೆಸರುಕೋಟೆಗೆ ಬದಲಿ ಕೂತವಳು

ಜುಲೈ 11, ಶುಕ್ರವಾರ

ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಕಂಡಿತು — ಒಳಗೆ ಸಾಲಾಗಿಟ್ಟ ಸ್ಟೀಲ್ ಕೊಡಗಳಲ್ಲೆಲ್ಲ ಒಂದೊಂದು ಪುಟ್ಟ ಶಟರ್ ಮೇಲೇಳುತ್ತಿತ್ತು. ಪ್ರತಿಯೊಂದರ ಕೆಳಗೂ ಒಬ್ಬೊಬ್ಬಳು ನಾನು, ಹೊಟ್ಟೆ ಉಬ್ಬಿಸಿಕೊಂಡು. ಅಪ್ಪನಿಗೆ ತೋರಿಸೋಣ ಅಂದುಕೊಂಡೆ. ತೋರಿಸಲಿಲ್ಲ. ಕನ್ನಡ ಎಂ.ಎ. ಮುಗಿಸಿದ ಮಗಳು ಪಾತ್ರೆ ಅಂಗಡಿಯಲ್ಲಿ ಕೂತು ಇದನ್ನೇ ನೋಡುತ್ತಾಳೆ ಎಂದು ಬೇಸರ ಮಾಡಿಕೊಂಡಾರು.

ಮಧ್ಯಾಹ್ನ ಗಿರಾಕಿ ಇರಲಿಲ್ಲ. ಫೋನಿನಲ್ಲಿ ಆಟದ ಆಜ್ಞೆ ಕಳಿಸುತ್ತಿದ್ದಾಗ ಅಮ್ಮ ಬುತ್ತಿ ತಂದರು.

"ಇವತ್ತು ಎಷ್ಟು ಜೀವ ತೆಗೆದ್ಯೇ?"

"ಇನ್ನೂ ಇಲ್ಲ ಅಮ್ಮ. ರಾತ್ರಿ ಒಂಬತ್ತಕ್ಕೆ."

"ಪಂಚಾಂಗ ನೋಡಿ ಕೊಲ್ತೀರಾ?"

ಮತ್ತೆ ವಿವರಿಸಿದೆ. ಆರು ಜನ, ಆರು ದೇಶ. ದಿನಕ್ಕೆ ಒಂದೇ ಟರ್ನ್. ಒಂಬತ್ತರೊಳಗೆ ಎಲ್ಲರೂ ಅವರವರ ಸೈನ್ಯಕ್ಕೆ ಆಜ್ಞೆ ಕೊಟ್ಟಿರಬೇಕು. ಒಂಬತ್ತಕ್ಕೆ ಎಲ್ಲವೂ ಒಟ್ಟಿಗೆ ನಡೆದುಹೋಗುತ್ತದೆ. ಕಳೆದ ದೀಪಾವಳಿಗೆ ಶುರುವಾದದ್ದು, ಇನ್ನೂ ಮುಗಿದಿಲ್ಲ. ನನ್ನದು ಕಲ್ಲುಜನರ ದೇಶ. ಗೋಡೆ ಕಟ್ಟುತ್ತಾರೆ, ಕಾಯುತ್ತಾರೆ. ಆಟ ನಡೆಸುವ ಜಿನೇಶನೇ — ಚಿಕ್ಕಪ್ಪನ ಮಗ, ಹೊಸನಗರದಲ್ಲಿ ಕಂಪ್ಯೂಟರ್ ರಿಪೇರಿ — ಆರಿಸಿಕೊಟ್ಟ. "ಅಕ್ಕ, ನಿಂಗೆ ಇದೇ ಸರಿ. ಯಾರ ಹತ್ರನೂ ಮಾತಾಡೋದೇ ಬೇಡ."

ಪಕ್ಕದ ದೇಶ ಗೆಳತಿ ಸುಚಿತ್ರಾಳದು. ಜೌಗುನೆಲ, ಕಪ್ಪೆಗಳ ಸೈನ್ಯ. ಅವಳು ಸೈನ್ಯದ ಕಪ್ಪೆಗಳಿಗೆಲ್ಲ ಕಾಲೇಜಿನ ಮೇಷ್ಟ್ರುಗಳ ಹೆಸರಿಟ್ಟಿದ್ದಾಳೆ. ನಮ್ಮಿಬ್ಬರಿಗೂ ಒಪ್ಪಂದ. ಮೊದಲ ದಿನದಿಂದ ಗಡಿ ಮುಟ್ಟಿಲ್ಲ.

ಜುಲೈ 17, ಗುರುವಾರ

ಸುಚಿತ್ರಾಳ ಸುದ್ದಿ ಇಲ್ಲ. ಅವಳಿರುವ ಹುಲಿಕಲ್ ಕಡೆ ಗಾಳಿ ಜೋರಂತೆ. ಎರಡು ಟರ್ನ್ ಅವಳ ದೇಶ ಸುಮ್ಮನೆ ನಿಂತಿದೆ.

ಕಾಲೇಜು ಮುಗಿದ ಮೇಲೆ ನಾವು ಮಾತಾಡುವುದು ಈ ಆಟದಿಂದಲೇ. ಅವಳು ಅಲ್ಲಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ನಾನಿಲ್ಲಿ ಸಾಗರದಲ್ಲಿ. ಕಪ್ಪೆಗಳ ನೆಪದಲ್ಲಿ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಈ ಎರಡು ದಿನ ಫೋನ್ ಭಾರವೇ ಇಲ್ಲದ ಹಾಗೆ.

ಜುಲೈ 19, ಶನಿವಾರ, ಮಧ್ಯಾಹ್ನ

ಗೊತ್ತಿಲ್ಲದ ನಂಬರ್. ಎತ್ತುವವಳಲ್ಲ. ಯಾಕೋ ಎತ್ತಿದೆ.

"ನಾನೇ ಕಣೆ! ಪಕ್ಕದ ಮನೆ ಸುಬ್ಬಯ್ಯಣ್ಣನ ಲ್ಯಾಂಡ್‌ಲೈನಿಂದ. ಟವರ್ ಸತ್ತು ಮಲ್ಗಿದೆ ಮಾರಾಯ್ತಿ. ನಂಗೆ ಬದಲಿ ಕೂರ್ತೀಯಾ?"

"ಹೂಂ."

"ಬರೀ ಹೂಂ ಅನ್ಬೇಡ. ಪಾಸ್‌ವರ್ಡ್ ಹೇಳ್ತೀನಿ. ನಗ್ಬಾರ್ದು."

ಅವರ ಮನೆ ಹಸುವಿನ ಹೆಸರು. ನಕ್ಕೆ.

"ಕೇಳು. ಕೆಸರುಕೋಟೆಲಿರೋ ಕಪ್ಪೆಗಳನ್ನೆಲ್ಲ ಎಬ್ಸಿ ಬೂದಿಬೆಟ್ಟಕ್ಕೆ ನುಗ್ಸು. ಎಲ್ಲಾ ಅಂದ್ರೆ ಎಲ್ಲಾ. ಒಂದನ್ನೂ ಹಿಂದೆ ಬಿಡ್ಬೇಡ. ಬೆಟ್ಟ ಸಿಕ್ರೆ ಆಟ ನಂದೇ."

"ರಾಜಧಾನಿ ಖಾಲಿ ಆಗುತ್ತಲ್ಲೇ?"

"ಅಲ್ಲಿಗೆ ಯಾರ್ ಬರ್ತಾರೆ? ಆ ಕಡೆ ಇರೋಳು ನೀನು. ನೀನು ಬರ್ತೀಯಾ?"

ಹಿಂದಿನಿಂದ ಗಂಡಸಿನ ದಪ್ಪ ದನಿ: "ಯಾರ ಹತ್ರನೇ ಯುದ್ಧ?" ಇವಳು: "ಇಲ್ಲ ಸುಬ್ಬಯ್ಯಣ್ಣ, ಕಪ್ಪೆ ವಿಷ್ಯ!"

ಇಡುವಾಗ ಹೇಳಿದಳು — "ಏನಾದ್ರೂ ಇದ್ರೆ ಇದೇ ನಂಬರಿಗೆ ಮಾಡು. ಕರೀತಾರೆ."

ಅದೇ ದಿನ, ಸಂಜೆ 7.40

ಅವಳ ದೇಶದೊಳಗೆ ಮೊದಲ ಸಲ ಹೋದೆ. ಬೇರೆಯವರ ಅಡುಗೆಮನೆಗೆ ಕಾಲಿಟ್ಟ ಹಾಗೆ. ಎಷ್ಟು ಅಚ್ಚುಕಟ್ಟು! ಜೌಗಿನ ನಡುವೆ ಹಾದಿ, ಹಾದಿಗೊಂದು ಕಾವಲು. ನನ್ನ ಗಡಿಯ ಕಡೆ ಮಾತ್ರ ಕಾವಲೇ ಇಟ್ಟಿಲ್ಲ.

ಮೂಲೆಯಲ್ಲಿ ಹಳದಿ ಬಣ್ಣದ ವರದಿ ಮಿನುಗುತ್ತಿತ್ತು. ತೆರೆದೆ. ಅವಳ ಗೂಢಚಾರನದು. ದಕ್ಷಿಣದ ಕಾಡಿನಲ್ಲಿ ರಾಕ್ಷಸರು ಬೀಡುಬಿಟ್ಟಿದ್ದಾರೆ, ಮುಖ ಕೆಸರುಕೋಟೆಯ ಕಡೆಗೆ. ರಾಕ್ಷಸರೆಂದರೆ ತೀರ್ಥೇಶ್ — ತೀರ್ಥಹಳ್ಳಿಯ ಮೆಡಿಕಲ್ ಶಾಪಿನವರು, ಆಟದಲ್ಲಿ ಎಲ್ಲರಿಗೂ ಅಣ್ಣ. ಸುಚಿತ್ರಾಳಿಗೆ ಇದು ಗೊತ್ತಿಲ್ಲ. ಸೈನ್ಯ ಹೊರಟರೆ ಇವತ್ತೇ ಕೋಟೆ ಹೋಗುತ್ತದೆ.

ನಿಯಮ ಇದೆ. ಬದಲಿ ಕೂತವರು ಹೇಳಿದ್ದಷ್ಟೇ ಮಾಡಬೇಕು, ತಲೆ ಓಡಿಸಬಾರದು. ಶಿವರಾತ್ರಿ ಹೊತ್ತಿಗೆ ಯಾರೋ ತಲೆ ಓಡಿಸಿ ದೊಡ್ಡ ಜಗಳವಾಗಿ, ಜಿನೇಶ ಮಾಡಿದ್ದು. ಆದರೆ ಫೋನ್ ಮಾಡಿ ಕೇಳಬಾರದು ಅಂತ ಯಾವ ನಿಯಮವೂ ಇಲ್ಲ.

ಮಾಡಿದೆ. ಎರಡು ರಿಂಗ್. ಆ ದಪ್ಪ ದನಿ — "ಹಲೋ, ಯಾರು?"

ಕಟ್ ಮಾಡಿದೆ.

ಯಾರು ಅಂದರೆ ಏನನ್ನಬೇಕು. ಸಾಗರದ ಜಯರಾಜನ ಮಗಳು... ಯಾಕೆ ಅಂದರೆ? ರಾಕ್ಷಸರು ಬಂದಿದ್ದಾರೆ, ಸುಚಿತ್ರಾಳನ್ನು ಕರೆಯಿರಿ?

8.20

ಇನ್ನೂ ಹೊತ್ತಿದೆ. ನಮ್ಮದು ಬೆಳಕಿರುವಾಗಲೇ ಊಟ ಮುಗಿಯುವ ಜೈನರ ಮನೆ. ಬೇರೆ ಕೆಲಸ ಇತ್ತು ಅನ್ನುವ ಹಾಗೂ ಇಲ್ಲ.

8.50

ಹೇಳಿದ್ದಷ್ಟನ್ನೇ ಮಾಡಿದೆ. ಎಲ್ಲಾ ಅಂದರೆ ಎಲ್ಲಾ.

ಜುಲೈ 20, ಭಾನುವಾರ

ಬೆಟ್ಟ ಸಿಕ್ಕಿತು. ಕೋಟೆ ಹೋಯಿತು.

ಗ್ರೂಪಿನಲ್ಲಿ ತೀರ್ಥೇಶಣ್ಣನ ವಾಯ್ಸ್ ನೋಟ್: "ಏನ್ರೋ ಇದು, ಬಾಗ್ಲು ತೆಗ್ದಿಟ್ಟು ಊರಿಗೆ ಹೋದ್ರಾ ಕಪ್ಪೆಗಳು?" ನಗುವ ಮುಖಗಳ ಸಾಲು. ನಾನೂ ಒಂದು ಹಾಕಿದೆ. ಹಾಕದಿದ್ದರೆ ಯಾಕೆ ಹಾಕಲಿಲ್ಲ ಅಂತ ಕೇಳಿಯಾರೆಂದು.

ರಾಜಧಾನಿ ಹೋದರೆ ಸೈನ್ಯಕ್ಕೆ ಆಹಾರವಿಲ್ಲ. ಬೆಟ್ಟದ ಮೇಲೆ ಕೂತ ಕಪ್ಪೆಗಳು ಟರ್ನ್‌ಗೆ ಇಷ್ಟಿಷ್ಟು ಸಾಯುತ್ತವೆ.

ಒಂದು ವಿಷಯ ಬರೆದಿಡಬೇಕು. ನಿನ್ನೆ ಅವಳ ಬಲವನ್ನೆಲ್ಲ ಕಣ್ಣಾರೆ ನೋಡಿದಾಗ, ಬೂದಿಬೆಟ್ಟವೂ ಸಿಕ್ಕರೆ ಇವಳ ಮುಂದೆ ನನ್ನ ಗೋಡೆ ಎಷ್ಟು ದಿನ ಅನ್ನಿಸಿದ್ದು ನಿಜ. ಅದು ಫೋನ್ ಕಟ್ ಮಾಡುವುದಕ್ಕಿಂತ ಮೊದಲೋ ಆಮೇಲೋ... ಎಷ್ಟು ನೆನಪಿಸಿಕೊಂಡರೂ ಸಿಗುತ್ತಿಲ್ಲ.

ಜುಲೈ 25, ಶುಕ್ರವಾರ

ಹುಲಿಕಲ್‌ಗೆ ನೆಟ್‌ವರ್ಕ್ ಬಂತು. ಸುಚಿತ್ರಾ ತಾನೇ ಫೋನ್ ಮಾಡಿದಳು.

"ಹೋಯ್ತಂತಲ್ಲೇ ನನ್ ಕೋಟೆ! ಶಾಲೆಲಿ ಅಳೋಕೂ ಆಗ್ಲಿಲ್ಲ, ಏಳನೇ ಕ್ಲಾಸಿನೋರು ನೋಡ್ತಾ ಇದ್ರು."

"ನಾನು..."

"ನೀನೇನ್ ಮಾಡ್ತೀಯ? ಎಲ್ಲಾ ಅಂದ್ರೆ ಎಲ್ಲಾ ಅಂದೋಳು ನಾನಲ್ವಾ. ಬಿಡು. ಇನ್ನೂ ಆಟ ತೆರ್ದಿಲ್ಲ, ಸಂಜೆ ನೋಡ್ತೀನಿ."

ನಾನು ಹೇಳುವುದಿತ್ತು. ಅಷ್ಟರಲ್ಲಿ ಅವಳಿಗೆ ಬೆಲ್ ಆಯಿತು.

ಸಂಜೆ ಆಟ ತೆರೆದಳು. ಗ್ರೂಪಿನಲ್ಲಿ ಒಂದು ಮಾತೂ ಇಲ್ಲ. ಆಮೇಲೆ ನನಗೊಂದು ಮೆಸೇಜ್: "ನೋಡ್ದೆ." ಅಷ್ಟೇ.

ಆಗ ಹೊಳೆಯಿತು. ಓದದ ವರದಿ ಹಳದಿ. ಓದಿದ ಮೇಲೆ ಬೂದು. ಗೂಢಚಾರನ ವರದಿ ಅವಳು ತೆರೆಯುವಾಗಲೇ ಬೂದಾಗಿತ್ತು. ಅವಳ ದೇಶದೊಳಗೆ ಹೋಗಿದ್ದವಳು ನಾನೊಬ್ಬಳೇ.

ಆಗಸ್ಟ್ 17, ಭಾನುವಾರ

ಸುಚಿತ್ರಾಳ ಮೆಸೇಜುಗಳು ಗಿಡ್ಡವಾಗಿವೆ. ಕೇಳಿದ್ದಕ್ಕೆ ಉತ್ತರ. ಮೇಷ್ಟ್ರುಗಳ ಹೆಸರಿನ ಕಪ್ಪೆಗಳಲ್ಲಿ ಯಾರು ಸತ್ತರು, ಯಾರು ಉಳಿದರು ಅಂತ ಹೇಳುವುದಿಲ್ಲ. ಕೇಳಲು ನನಗೂ ಬಾಯಿಲ್ಲ.

ತೀರ್ಥೇಶಣ್ಣ ನನಗೆ ಬರೆದರು: "ಬೂದಿಬೆಟ್ಟ ನೀವ್ ತಗೊಳ್ಳಿ ತಂಗಿ, ಬಯಲು ನಂಗಿರ್ಲಿ. ಕಪ್ಪೆಗಳು ಹೇಗೂ ಉಳ್ಯಲ್ಲ." ಉತ್ತರ ಕೊಡದೆ ಇಟ್ಟೆ. ಸಂಜೆ ಸುಚಿತ್ರಾಳೇ ಬರೆದಳು: "ಬೆಟ್ಟ ನೀನೇ ತಗೋ. ಅವರಿಗಿಂತ ನೀನು ವಾಸಿ."

ತೆಗೆದುಕೊಂಡೆ. ಅವಳು ಒಪ್ಪಂದ ಬಿಟ್ಟುಕೊಟ್ಟು ಹಾದಿ ತೆಗೆದಿಟ್ಟಿದ್ದಳು. ಯುದ್ಧವೇ ಆಗಲಿಲ್ಲ. ನಕ್ಷೆಯಲ್ಲಿ ಅವಳ ಹಸಿರು ಅಳಿಸಿ ನನ್ನ ಬಣ್ಣ ಬಂತು.

ಅಮ್ಮ ಕೇಳಿದರು, "ಎಷ್ಟು ಜೀವ?" ರೇಗಿಬಿಟ್ಟೆ. ಅವರು ಒಳಗೆ ಹೋದರು.

ಸೆಪ್ಟೆಂಬರ್ 8, ಸೋಮವಾರ

ಇವತ್ತು ಕ್ಷಮಾವಣಿ. ದಶಲಕ್ಷಣದ ಉಪವಾಸ, ಪೂಜೆ ಎಲ್ಲ ಮುಗಿದು ಕಂಡವರಲ್ಲೆಲ್ಲ ಕ್ಷಮೆ ಕೇಳುವ ದಿನ. ಬೆಳಿಗ್ಗೆ ಬಸದಿಯಿಂದ ಬಂದು ಅಪ್ಪ ಅಮ್ಮನಿಗೆ ಕೈ ಮುಗಿದರು, ಅಮ್ಮ ಅಪ್ಪನಿಗೆ, ನಾನು ಇಬ್ಬರಿಗೂ. "ಆವತ್ತು ರೇಗಿದ್ದಕ್ಕೆ" ಅಂದೆ. ಅಮ್ಮ, "ಯಾವತ್ತು? ದಿನಾ ರೇಗ್ತೀಯಲ್ಲ" ಅಂದರು.

ಆಮೇಲೆ ಫೋನ್ ಹಿಡಿದು ಕೂತೆ. ಸುಚಿತ್ರಾಳಿಗೆ ಬರೆದೆ. ವರದಿ ನೋಡಿದ್ದು, ಎರಡು ರಿಂಗ್, ಸುಬ್ಬಯ್ಯಣ್ಣನ ದನಿ, ಗೋಡೆಯ ಲೆಕ್ಕಾಚಾರ ಎಲ್ಲ. ಓದಿದೆ. ಚೆನ್ನಾಗಿತ್ತು. ಅದೇ ಹೆದರಿಕೆ ಹುಟ್ಟಿಸಿತು... ಇಷ್ಟು ಚೆನ್ನಾಗಿ ಬರೆದದ್ದನ್ನು ಅವಳು ಯಾಕೆ ನಂಬಬೇಕು? ಅಳಿಸಿದೆ.

ಅಮ್ಮನ ಫೋನಿಗೆ ಬಂದಿದ್ದ ಕಾರ್ಡ್ ಇತ್ತು. ಕಮಲದ ಹೂವು, ಮುಗಿದ ಕೈ, 'ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳಿಗೆ'. ಅದನ್ನೇ ಎಲ್ಲರಿಗೂ ಕಳಿಸಿದೆ. ಎಲ್ಲರ ನಡುವೆ ಅವಳಿಗೂ. ಅವಳಿಗೆ ಅರ್ಥವಾಗುತ್ತದೆ ಅಂದುಕೊಂಡೆ.

ಗ್ಯಾಸ್ ಸಿಲಿಂಡರ್ ತರುವ ಹೂವಯ್ಯ ಮುಗಿದ ಕೈ ಕಳಿಸಿದ. ಅಂಗಡಿಗೆ ಪಾತ್ರೆ ಕಳಿಸುವ ಏಜೆಂಟ್ ಮುಗಿದ ಕೈ ಕಳಿಸಿದ. ಸುಚಿತ್ರಾಳೂ ಮುಗಿದ ಕೈ ಕಳಿಸಿದಳು. ಮೂರೂ ಒಂದೇ ಹಳದಿ ಕೈ.

ಸೆಪ್ಟೆಂಬರ್ 28, ಭಾನುವಾರ, ಸಂಜೆ

ಹೊಸನಗರದಿಂದ ಈಗ ಬಂದೆ. ಬೆಳಿಗ್ಗೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಸಿಗಂದೂರು ದೇವಸ್ಥಾನಕ್ಕೆ ಹೋಗುವವರ ನೂಕುನುಗ್ಗಲು. ನನ್ನ ಬಸ್ಸಿನಲ್ಲಿ ಮಾತ್ರ ಸೀಟು ಖಾಲಿ.

ಆಟ ಹೋದ ವಾರ ಮುಗಿಯಿತು. ತೀರ್ಥೇಶಣ್ಣ ಗೆದ್ದರು, ನಾನು ಎರಡನೆಯವಳು. ಆಟ ಮುಗಿದ ಮೇಲೆ ಎಲ್ಲರೂ ಕೂತು ಅವರವರ ದೇಶದ ಕಥೆ ಹೇಳಬೇಕು. ದೇಶ ಕಳೆದುಕೊಂಡ ಕ್ರಮದಲ್ಲೇ ಮಾತು, ಗೆದ್ದವರದು ಕೊನೆಗೆ. ಜಿನೇಶನ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಎರಡು ಟೇಬಲ್ ಜೋಡಿಸಿದ್ದರು.

ಸುಚಿತ್ರಾ ಎದುರಿಗೇ ಕೂತಳು. ತೆಳ್ಳಗಾಗಿದ್ದಾಳೆ. ಮಾಣಿ ಬಂದಾಗ ನಾನು ಬಾಯಿ ತೆರೆಯುವ ಮೊದಲೇ, "ಅವಳಿಗೆ ಈರುಳ್ಳಿ ಹಾಕ್ದೆ ಇರೋದು ಕೊಡಿ" ಅಂದಳು. ಕಾಲೇಜಿನಲ್ಲಿ ಹೇಳುತ್ತಿದ್ದ ಹಾಗೇ. ದೋಸೆ ಬರುವವರೆಗೆ ತಲೆ ಎತ್ತಲಾಗಲಿಲ್ಲ.

ಮೊದಲು ಹೋದ ಇಬ್ಬರ ಕಥೆ ಬೇಗ ಮುಗಿಯಿತು. ಆಮೇಲೆ ಅವಳು. ಎಷ್ಟು ಚೆನ್ನಾಗಿ ಹೇಳಿದಳು! ಜೌಗಿನಲ್ಲಿ ಹಾದಿ ಮಾಡಿದ್ದು, ಪ್ರಿನ್ಸಿಪಾಲ್ ಕಪ್ಪೆ ಸೇತುವೆ ಕಾದು ಸತ್ತದ್ದು. ಎಲ್ಲರೂ ಟೇಬಲ್ ಬಡಿದು ನಕ್ಕರು.

ಜಿನೇಶ ಕೇಳಿದ, "ಕಾಡಲ್ಲಿ ರಾಕ್ಷಸರಿದ್ದದ್ದು ನಿಂಗೆ ಗೊತ್ತೇ ಆಗ್ಲಿಲ್ವಾ? ಗೂಢಚಾರ ಇದ್ನಲ್ಲ?"

"ಇದ್ದ. ವರದಿನೂ ಬಂದಿತ್ತು."

"ಮತ್ತೆ?"

"ನಾನು ನೋಡ್ಲಿಲ್ಲ."

ಜಿನೇಶ ನನ್ನ ಕಡೆ ತಿರುಗಿದ. "ಅಕ್ಕ, ಆವತ್ತು ಬದಲಿ ಕೂತಿದ್ದು ನೀನಲ್ವಾ?"

ಸುಚಿತ್ರಾಳೇ ಹೇಳಿದಳು — "ಅವಳು ನಾನು ಹೇಳಿದ್ದು ಮಾಡಿದ್ಲು. ರೂಲ್ ಮಾಡ್ದೋನು ನೀನೇ ಅಲ್ವೇನೋ?"

ನನ್ನ ಸರದಿ ಬಂತು. ಕಲ್ಲುಜನರ ಬಗ್ಗೆ ನಾಲ್ಕು ವಾಕ್ಯ ಹೇಳಿದೆ. ಗೋಡೆ ಕಟ್ಟಿದರು, ಕಾದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ.

ಕಾಫಿ ಬಂದಾಗ ಜಿನೇಶ ಹೊಸ ಆಟದ ಮಾತೆತ್ತಿದ. ಈ ದೀಪಾವಳಿಗೆ ಶುರು. ಈ ಸಲ ನೆಟ್‌ವರ್ಕ್ ಗೋಳು ಬೇಡ, ಎಲ್ಲರೂ ಮೊದಲೇ ಬದಲಿ ಯಾರೆಂದು ಹೇಳಿ ಪಾಸ್‌ವರ್ಡ್ ಕೊಟ್ಟಿಡಬೇಕು. "ಸುಚಿತ್ರಾ, ನಿಂದು ಅಕ್ಕನೇ ಅಲ್ವಾ?"

ಅವಳು ಕಾಫಿ ಆರಿಸುತ್ತ, "ತೀರ್ಥೇಶಣ್ಣ" ಅಂದಳು.

"ನಾನಾ? ನಿನ್ ಕೋಟೆ ಮುರ್ದೋನು ನಾನು ಮಾರಾಯ್ತಿ!"

"ಅದ್ಕೇ. ನೀವು ಎದುರಿಗೆ ಬಂದು ಮುರ್ದ್ರಿ."

ಎಲ್ಲರೂ ನಕ್ಕರು. ತೀರ್ಥೇಶಣ್ಣ ಎಲ್ಲರಿಗಿಂತ ಜೋರಾಗಿ. ಅವಳು ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ನೋಡಲಿಲ್ಲವೋ, ನೋಡುವಂಥದ್ದು ಏನೂ ಇರಲಿಲ್ಲವೋ.

ಬಸ್ ಸ್ಟ್ಯಾಂಡಿನವರೆಗೆ ಜೊತೆಗೇ ನಡೆದೆವು. ಮಳೆ, ಶಾಲೆ, ನನ್ನ ಯುಜಿಸಿ ನೆಟ್ ಪರೀಕ್ಷೆ. ಅವಳ ಬಸ್ ಮೊದಲು ಬಂತು. "ಬರ್ತೀನಿ ಕಣೆ" ಅಂದಳು. ಆ 'ಕಣೆ' ಹಿಡಿದುಕೊಂಡು, ನನ್ನ ದಾರಿಯವೇ ಆದ ಆನಂದಪುರದ ಬಸ್ಸು, ರಿಪ್ಪನ್‌ಪೇಟೆಯ ಬಸ್ಸು ಎರಡನ್ನೂ ಬಿಟ್ಟೆ. ಮೂರನೆಯದಕ್ಕೆ ಹತ್ತಿದೆ.

ಅಕ್ಟೋಬರ್ 3, ಶುಕ್ರವಾರ

ಗ್ರೂಪಿನಲ್ಲಿ ಎಲ್ಲರ ಬದಲಿ ಹೆಸರು ಬಂದಿದೆ. ನನ್ನದೊಂದು ಬಾಕಿ. ಜಿನೇಶ ಫೋನ್ ಮಾಡಿದ.

"ಅಕ್ಕ, ನಂದೇ ಹೆಸರು ಹಾಕ್ಲಾ? ಮನೆಯೋನು ಇದ್ದೀನಲ್ಲ."

"ಬೇಡ."

"ಮತ್ಯಾರು?"

"ಕೇಳಿ ಹೇಳ್ತೀನಿ."

"ಮೆಸೇಜ್ ಹಾಕಿ ಕೇಳು, ಎಷ್ಟೊತ್ತು?"

ಮೆಸೇಜ್ ಹಾಕುವುದಿಲ್ಲ.

ಅಪ್ಪನಿಗೆ ಹೇಳಿದೆ, ಭಾನುವಾರ ಅಂಗಡಿಗೆ ಬರುವುದಿಲ್ಲ, ಹುಲಿಕಲ್‌ಗೆ ಹೋಗಿಬರುತ್ತೇನೆ. ಒಬ್ಬಳೇನಾ ಅಂದರು. ಹೂಂ ಅಂದೆ. ಅಮ್ಮ ಏನೋ ಕೇಳಲು ಬಂದು, ನನ್ನ ಮುಖ ನೋಡಿ, ಬೇಳೆ ಆರಿಸಲು ಕೂತರು.

ನನ್ನ ದೇಶ ಅವಳ ಕೈಗೆ. ಅವಳ ದೇಶ ನನಗೆ ಕೊಡು ಅಂತ ಕೇಳುವುದಿಲ್ಲ. ನಿಯಮ ಏನೇ ಇರಲಿ, ನಾನು ಇಲ್ಲದ ದಿನ ನಿನಗೆ ಕಂಡಂತೆ ಮಾಡು ಅನ್ನುತ್ತೇನೆ. ಉಳಿಸಬೇಕೆನ್ನಿಸಿದರೆ ಉಳಿಸು. ಇಲ್ಲದಿದ್ದರೆ ಇಲ್ಲ. ಬಾಗಿಲಲ್ಲಿ ಅವಳ ಅಮ್ಮ ಇದ್ದರೂ, ಸುಬ್ಬಯ್ಯಣ್ಣನೇ ಬಂದು ಯಾರು ಅಂದರೂ, ಅವಳು ಹೊರಗೆ ಬರುವವರೆಗೆ ನಿಲ್ಲುವುದು. ಬಂದ ಮೇಲೆ ಮೊದಲ ಮಾತು — ಆ ವರದಿ ನಾನು ನೋಡಿದ್ದೆ.