ಹನ್ನೊಂದು ಕಸಿ

ಮೇ 23

ಶಾಹಿ ಲಿಚಿ, ಬಾವಿ ಕಡೆಯ ಕೊಂಬೆ. ಸಿಪ್ಪೆಯ ಮುಳ್ಳು ಚಪ್ಪಟೆಯಾಗಿದೆ, ತೊಟ್ಟಿನ ಹತ್ತಿರ ಮಾತ್ರ ಹಸಿರು. ಸಿಹಿ, ಮಾಪಕದಲ್ಲಿ, ಹತ್ತೊಂಬತ್ತು. ಬೀಜ ಸಣ್ಣದು. ಹೋದ ವರ್ಷಕ್ಕಿಂತ ನಾಲ್ಕು ದಿನ ಮುಂಚೆ. ಪಡುವಣ ಬಿಸಿಗಾಳಿ ಇನ್ನೆರಡು ದಿನ ಬೀಸಿದರೆ ಅರ್ಧ ಹಣ್ಣು ಬಿರಿಯುತ್ತವೆ. ಬಾವಲಿಗಳಿಗೆ ಬಲೆ ಕಟ್ಟಿ ಆಯಿತು.

ಸುನೈನಾ ಎಂಟು ತಿಂದಳು. ಬೇರೇನೂ ಸೇರುವುದಿಲ್ಲ. ಮೈಯೆಲ್ಲ ತುರಿಕೆ. ಕಣ್ಣಿನ ಬಿಳಿ ಹಳದಿಯಾಗಿದೆ — ಮೊದಲು ನೋಡಿದ್ದು ನಾನಲ್ಲ, ಅವಳ ತಂಗಿ ಪುತುಲ್.

"ಭಾವ, ಹಣ್ಣಿನ ಬಣ್ಣ ದಿನಾ ಬರೀತೀರಲ್ಲ, ಹೆಂಡ್ತಿ ಬಣ್ಣಾನೂ ಒಂದ್ಸಲ ನೋಡಿ."

ಜೂನ್ 2

ಪಟ್ನಾದಿಂದ ಬಂದೆವು. ಪಿತ್ತಕೋಶ. ಆಗಲೇ ಲಿವರ್‌ಗೆ ಹಬ್ಬಿದೆ. ಡಾಕ್ಟರು ಮುಖ ನೋಡದೆ ಫೈಲಿಗೆ ಹೇಳಿದರು: ಎರಡು ತಿಂಗಳು, ಹೆಚ್ಚೆಂದರೆ ಮೂರು.

ಬಸ್ಸಿನಲ್ಲಿ ಅವಳೇ ಕೇಳಿದಳು. "ಎಷ್ಟಂತೆ?"

ಹೇಳಿದೆ.

"ಹಾಗಾದ್ರೆ ಮಾವಿನಹಣ್ಣು ಸಿಗುತ್ತೆ."

ಗಂಗೆಯ ಸೇತುವೆಯ ಮೇಲೆ ಮುಕ್ಕಾಲು ಗಂಟೆ ಜಾಮ್. ಕಿಟಕಿಯ ಪಕ್ಕ ಅವಳು. ನೀರು ಬಹಳ ಕೆಳಗಿತ್ತು.

ಜೂನ್ 10

ಲಾಲ್ ಕಾಕಾ ಬಂದಿದ್ದರು. ಅಪ್ಪನ ತಮ್ಮ, ಎಂಬತ್ತೊಂದು. ನೇರ ತೋಪಿಗೆ ಹೋಗಿ ನಮ್ಮ ಪಾಲಿನ ಮರಗಳ ನಡುವೆ ಕೈ ಹಿಂದೆ ಕಟ್ಟಿ ಓಡಾಡಿದರು. ಏಕೆ ಎಂದು ಕೇಳಬೇಕಾಗಿರಲಿಲ್ಲ. ನಮ್ಮಲ್ಲಿ ಸುಡುವುದು ಮನೆಯ ತೋಪಿನಲ್ಲೇ, ತೋಪಿನ ಮಾವಿನಿಂದಲೇ. ಲಿಚಿ ಆಗದು. ಕೊಂಡು ತಂದ ಸೌದೆ ದಿಕ್ಕಿಲ್ಲದವರಿಗೆ. ಅಪ್ಪನ ಜೊತೆ ಬಂಬಯಿ ಮರ ಹೋಯಿತು, ಅಮ್ಮನ ಜೊತೆ ಮಾಲ್ದಹ. ಉಳಿದ ಎರಡು ಮಾವಿನಲ್ಲಿ ಒಂದಕ್ಕೆ ಗೆದ್ದಲು.

ಇನ್ನೊಂದು ನನ್ನ ಮರ.

ಅಂಗಳದಲ್ಲಿ ಕೂತು ಕಾಕಾ ಹೇಳಿದರು, "ಗೆದ್ದಲು ತಿಂದದ್ದು ನಡೆಯೋಲ್ಲ, ಮಾಸ್ಟರ್. ಗೊತ್ತಲ್ಲ."

"ಗೊತ್ತು. ಆದರೆ ಆ ಮರ..."

"ಮರಾನ? ಮರ ಇರೋದೇ ಅದಕ್ಕೆ. ಹಣ್ಣು ಮೇಲಿನ ಲಾಭ."

ಮಾವನ ಸಮಾನರ ಎದುರು ಸುನೈನಾ ಮಾತಾಡುವುದಿಲ್ಲ. ಪರದೆಯ ಹಿಂದಿನಿಂದ ಪುತುಲ್‌ಗೆ ಹೇಳುವಂತೆ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಪುತುಲ್, ಕಾಕಾಗೆ ಹೇಳು, ಅದು ಮಾಸ್ಟರ ಮರ ಅಲ್ಲ, ನನ್ನದು. ನನ್ನ ತವರಿನ ಬುಟ್ಟಿಲಿ ಬಂದ ಹಣ್ಣು, ನಾನು ತಿಂದು ಎಸೆದ ಗೊರಟು. ನನಗೆ ಅದೇ ಬೇಕು."

ಕಾಕಾ ನಕ್ಕರು. "ಸೊಸೆಗೆ ಬುದ್ಧಿ ಇದೆ."

ನಿಜ. ಮದುವೆಯಾದ ವರ್ಷ ಅಡುಗೆಮನೆಯ ಹಿಂದೆ ಎಸೆದದ್ದು. ಇಪ್ಪತ್ತಾರು ವರ್ಷದ ಮರ. ನಾನು ಮಾಡಿದ್ದು ಕಿತ್ತು ತೋಪಿನಲ್ಲಿ ನೆಟ್ಟದ್ದು, ರುಚಿ ಬರೆದಿಟ್ಟದ್ದು, ಕಂಡವರಿಗೆಲ್ಲ ತಿನ್ನಿಸಿದ್ದು.

ಜೂನ್ 11

ಭೂಮಿಯ ಮೇಲೆ ಆ ಹಣ್ಣಿನ ಮರ ಇರುವುದು ಅದೊಂದೇ. ಗೊರಟು ನೆಟ್ಟರೆ ಬೇರೆ ಹಣ್ಣು ಬರುತ್ತದೆ. ಅದನ್ನೇ ಬೇಕೆಂದರೆ ಕಸಿ ಕಟ್ಟಬೇಕು. ಮೂರು ವರ್ಷದಲ್ಲಿ ನಲವತ್ತು ಕಟ್ಟಿದ್ದೇನೆ. ನಲವತ್ತೂ ಒಣಗಿವೆ. ಸೊನೆ ಹೆಚ್ಚು ಎಂದ ನರ್ಸರಿಯವನು. ಅವನು ಕಟ್ಟಿದವೂ ಒಣಗಿದವು. ಕಡಿದ ಮೇಲೆ ಕಡ್ಡಿ ತೆಗೆಯುವಂತಿಲ್ಲ: ಚಿತೆಯ ಮರಕ್ಕೆ ಮೊದಲ ಏಟು ಹಾಕುವುದು ಬಿಟ್ಟರೆ, ಸೂತಕದ ಹದಿಮೂರು ದಿನ ನಾನು ಚಾಕು, ಕೊಡಲಿ ಮುಟ್ಟುವ ಹಾಗಿಲ್ಲ.

ಮಳೆ ಹಿಡಿದ ಮೇಲೆ, ಜುಲೈ ಎರಡನೇ ವಾರ ಕಟ್ಟಿದರೆ, ಹಿಡಿಯಿತೋ ಇಲ್ಲವೋ ತಿಳಿಯುವುದು ಆಗಸ್ಟ್ ಮಧ್ಯಕ್ಕೆ. ಡಾಕ್ಟರ ಲೆಕ್ಕ ಆಗಸ್ಟ್ ಕೊನೆ. ಎರಡು ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಹಾಕಿದ್ದೇನೆ. ಬರೆದಾದ ಮೇಲೆ ಕಂಡಿತು. ಹರಿಯಲಿಲ್ಲ.

ಜುಲೈ 5

ಅವಳ ಮರದ ಮೊದಲ ಹಣ್ಣು. ಮುನ್ನೂರ ಹತ್ತು ಗ್ರಾಂ. ಸಿಹಿ ಇಪ್ಪತ್ತೆರಡೂವರೆ. ನಾರಿಲ್ಲ. ಕೊನೆಯಲ್ಲಿ ನಾಲಗೆಯ ಬುಡದಲ್ಲಿ ಒಂದು ಕಹಿ — ತೊಟ್ಟಿನ ಕಹಿಯಲ್ಲ, ಬೇರೆ. ಆ ಕಹಿ ಇನ್ನಾವ ಮಾವಿನಲ್ಲೂ ಕಂಡಿಲ್ಲ.

ಅವಳಿಗೆ ಒಂದು ಹೋಳು ತಿನ್ನಿಸಿದೆ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ನುಂಗಲಾಗಲಿಲ್ಲ, ಉಗುಳಿದಳು.

"ರುಚಿ ಗೊತ್ತಾಯ್ತು, ಅಷ್ಟು ಸಾಕು," ಅಂದಳು. "ಏನಂತ ಬರೀತೀರಿ?"

"ಕೊನೇಲಿ ಸ್ವಲ್ಪ ಕಹಿ ಅಂತ."

"ನನ್ನ ತವರಿನವರೆಲ್ಲ ಹಾಗೇ."

ಜುಲೈ 12

ಹನ್ನೊಂದು ಕಟ್ಟಿದೆ. ಬೆಳಿಗ್ಗೆ, ಮೋಡ ಇದ್ದಾಗ. ಕಡ್ಡಿಗಳನ್ನು ಒಂದು ತಾಸು ತಲೆಕೆಳಗಾಗಿ ನಿಲ್ಲಿಸಿ ಸೊನೆ ಬಸಿದೆ. ಕುಂಡಗಳನ್ನು ಅವಳ ಕಿಟಕಿಗೆ ಕಾಣುವಂತೆ ಜಗಲಿಯ ಮೇಲೆ ಸಾಲಾಗಿಟ್ಟೆ. ಅವಳೇ ಹೇಳಿದ್ದು.

ಜುಲೈ 27

ಏಳು ಹೋದವು. ಕಡ್ಡಿ ಕಪ್ಪಾಗಿ, ಮುಟ್ಟಿದರೆ ಉದುರುತ್ತದೆ.

ನೋವು ಬೆನ್ನಿಗೆ ಇಳಿದಿದೆ. ಡಾಕ್ಟರು ಕೊಟ್ಟ ದೊಡ್ಡ ಮಾತ್ರೆಯನ್ನು ಬೇಡ ಅನ್ನುತ್ತಾಳೆ. ಪುತುಲ್ ಅಳುತ್ತ ಜಗಳ ಆಡಿದಳು. "ಯಾರಿಗೋಸ್ಕರ ಹಲ್ಲು ಕಚ್ಕೊಂಡಿದೀಯ, ಅಕ್ಕಾ?"

"ಅದು ನುಂಗಿದ್ರೆ ನಿದ್ದೆ ಬರುತ್ತೆ. ನಿದ್ದೇಲಿ ಹೋಗ್ಬಿಟ್ರೆ? ನಾನು ಹೋದ ದಿನ ಮರ ಕಡೀತಾರೆ. ಒಂದಾದ್ರೂ ಹಿಡೀಲಿ. ಆಮೇಲೆ ನುಂಗ್ತೀನಿ."

"ಮರಕ್ಕೋಸ್ಕರ?"

"ಈ ಮನೇಲಿ ನನ್ನ ಕೈಯಿಂದ ಹುಟ್ಟಿದ್ದು ಅದೊಂದೇ ಕಣೇ."

ನಮಗೆ ಮಕ್ಕಳಿಲ್ಲ. ನಾನು ಹೊರಗೆ ಕುಂಡಗಳಿಗೆ ನೀರು ಚಿಮುಕಿಸುತ್ತಿದ್ದೆ. ಕೇಳಿಸಲಿಲ್ಲ ಎಂಬಂತೆ ಮುಂದುವರಿಸಿದೆ.

ಆಗಸ್ಟ್ 1

ಎರಡು ಉಳಿದಿವೆ. ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ. "ಹೇಗಿದೆ?" ನಾನು: "ಇನ್ನೂ ಇಲ್ಲ." ಮೋಡದಲ್ಲಿ ಜಗಲಿ ಕತ್ತಲು, ಕುಂಡ ಇರುವುದು ಅವಳಿಗೆ ಕಾಣುತ್ತದೆ, ಚಿಗುರು ಕಾಣುವಷ್ಟು ಕಣ್ಣಿಲ್ಲ. ಸೆರಗಿನ ತುದಿ ಬಾಯಲ್ಲಿ ಇರುತ್ತದೆ. ಒದ್ದೆ. ಕಚ್ಚಿ ಕಚ್ಚಿ ತೂತಾಗಿದೆ.

ಆಗಸ್ಟ್ 6. ಬೆಳಿಗ್ಗೆ 6.40

ಒಂಬತ್ತನೇ ಕುಂಡ ಚಿಗುರಿದೆ. ಮೂರು ಎಲೆ, ತಾಮ್ರದ ಬಣ್ಣ, ಇನ್ನೂ ಜೋತಾಡುತ್ತಿವೆ. ಗಾಯ ಕೂಡಿದೆ. ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಬೆರಳಿಗೆ ಉಬ್ಬು ಸಿಗುತ್ತದೆ. ಹಿಡಿದಿದೆ. ಅನುಮಾನವಿಲ್ಲ.

ಒಳಗಿನಿಂದ ಕೇಳಿದಳು. "ಹೇಗಿದೆ?"

"ಇನ್ನೂ ಇಲ್ಲ," ಅಂದೆ.

ಆಗಸ್ಟ್ 7

ಇನ್ನೂ ಇಲ್ಲ ಅಂದೆ. ಹತ್ತನೇ ಕುಂಡ ಒಣಗಿತು, ಅದನ್ನು ತೋರಿಸಿದೆ. ಸುಳ್ಳಲ್ಲ.

ಆಗಸ್ಟ್ 9

ಜೂನಿನಲ್ಲಿ ನನಗೆ ಬೇಕಾಗಿದ್ದದ್ದು ಅವಳು ಇಷ್ಟು ದಿನ ಇರಲಿ ಎಂದು, ಮರಕ್ಕಾಗಿ. ಅದು ಆಯಿತು. ಈಗಿನದಕ್ಕೆ ಏನು ಹೆಸರು ಗೊತ್ತಿಲ್ಲ. ಹೇಳಿದರೆ ಮಾತ್ರೆ ನುಂಗುತ್ತಾಳೆ. ನುಂಗಿದರೆ ಮಲಗುತ್ತಾಳೆ. ಹೇಳದಿದ್ದರೆ ನಾಳೆ ಬೆಳಿಗ್ಗೆ "ಹೇಗಿದೆ" ಎಂದು ಕೇಳುತ್ತಾಳೆ.

ಒಂಬತ್ತನೇ ಕುಂಡವನ್ನು ಕೊಟ್ಟಿಗೆಯ ಹಿಂದಕ್ಕೆ ಒಯ್ದೆ. ಅದರ ಜಾಗದಲ್ಲಿ ಒಣಗಿದ್ದೊಂದನ್ನು ಇಟ್ಟೆ.

ಆಗಸ್ಟ್ 16

ಇನ್ನೂ ಇಲ್ಲ.

ಕೂಗುವುದನ್ನು ನಿಲ್ಲಿಸಿದ್ದಾಳೆ. ಉಸಿರು ಬಿಡುವಾಗ ಒಂದು ಸಣ್ಣ ಸದ್ದು, ಅಷ್ಟೆ. ಇಡೀ ದಿನ. ಶಾಲೆಗೆ ಹೋದೆ. ಎಂಟನೇ ಕ್ಲಾಸಿಗೆ ನದಿಗಳ ಪಾಠ. ಕೋಸಿ ದಾರಿ ಬದಲಿಸುವುದನ್ನು ಬೋರ್ಡಿನ ಮೇಲೆ ಬರೆದೆ.

ಆಗಸ್ಟ್ 20

ಲಾಲ್ ಕಾಕಾ ಮತ್ತೆ. "ಇಷ್ಟು ದಿನ ಹೇಗೆ ಎಳೀತಿದಾಳೆ? ಯಾವುದಕ್ಕೋ ಜೀವ ಸಿಕ್ಕಿಹಾಕ್ಕೊಂಡಿದೆ, ಮಾಸ್ಟರ್. ಏನು ಬೇಕೋ ಕೇಳಿ ಕೊಟ್ಬಿಡು."

ಸರಿ ಅಂದೆ.

ಆಗಸ್ಟ್ 23

ಪುತುಲ್ ಸಗಣಿ ಎತ್ತಲು ಹೋದವಳು ಕುಂಡ ನೋಡಿದ್ದಾಳೆ. ನಾನು ಶಾಲೆಯಿಂದ ಬರುವಾಗ ಬಾಗಿಲಲ್ಲೇ ನಿಂತಿದ್ದಳು. ದನಿ ಏರಿಸಲಿಲ್ಲ.

"ಭಾವ, ನೀವು ಒಳಗೆ ತಗೊಂಡು ಹೋಗ್ತೀರೋ, ನಾನು ತಗೊಂಡು ಹೋಗ್ಲೋ?"

"ಪುತುಲ್..."

"ರಾತ್ರಿ ಹಗಲು ಅವಳ ಕೈ ಹಿಡ್ಕೊಂಡು ಕೂತಿರೋದು ನಾನು. ನನ್ನ ಕೈ ನೋಡಿ." ತೋರಿಸಿದಳು. ಉಗುರಿನ ಗಾಯ, ಸಾಲು ಸಾಲು.

ಕುಂಡ ಎತ್ತಿಕೊಂಡು ಹೋದೆ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. ಲೈಟ್ ಹಾಕಿದೆ.

"ಹಿಡೀತು," ಅಂದೆ.

ನೋಡಿದಳು. ಮುಖದಲ್ಲಿ ಉಳಿದಿದ್ದದ್ದೆಲ್ಲ ಕಣ್ಣಿಗೆ ಬಂತು. ಬೆರಳು ಚಾಚಿ ಒಂದು ಎಲೆ ಹಿಡಿದಳು. ಮಡಚಿದಳು. ಬಿಟ್ಟಳು.

"ಯಾವತ್ತು?"

"ಮೊನ್ನೆ."

"ಮೊನ್ನೆ ಬಂದ ಎಲೆ ಕೆಂಪಗಿರುತ್ತೆ, ರೀ. ಬಟ್ಟೆ ಥರ ಮೆತ್ತಗಿರುತ್ತೆ. ಇದು ಹಸಿರಾಗಿದೆ. ಗರಿ ಗರಿ ಅನ್ನುತ್ತೆ."

ಕುಂಡದ ಅಂಚಿನ ಮಣ್ಣು ಒತ್ತಿದೆ.

"ಎಷ್ಟು ದಿನ ಆಯ್ತು?"

"ಹದಿನೇಳು."

ತುಟಿ ಅಲುಗಿತು. ಎಣಿಸುತ್ತಿದ್ದಳೋ ಏನೋ. "ಹದಿನೇಳು," ಅಂದಳು. ಬೈಯಲಿಲ್ಲ. ಬೈದಿದ್ದರೆ ಇಲ್ಲಿ ಬರೆಯಬಹುದಿತ್ತು. ಮುಖ ಪುತುಲ್ ಕಡೆ ತಿರುಗಿಸಿ ಬಾಯಿ ತೆರೆದಳು, ಮಾತ್ರೆಗೆ.

ಆಗಸ್ಟ್ 25. ಮಧ್ಯಾಹ್ನ 1.15

ಹನ್ನೊಂದೂವರೆಗೆ ಹೋದಳು. ಎರಡು ದಿನ ಮಲಗಿದ್ದಳು, ಸದ್ದಿಲ್ಲದೆ. ನಿನ್ನೆ ಸಂಜೆ ಒಮ್ಮೆ ಎಚ್ಚರವಾಗಿ ನೀರು ಕೇಳಿದಳು, ಪುತುಲ್ ಹೆಸರು ಹಿಡಿದು. ಲೋಟ ನನ್ನ ಕೈಯಳತೆಯಲ್ಲಿತ್ತು.

ತೋಪಿನಲ್ಲಿ ಆರು ಜನ ಸೇರಿದ್ದಾರೆ. ಹಗ್ಗ ಕಟ್ಟಿ ಆಯಿತಂತೆ, ಲಿಚಿಯ ಮೇಲೆ ಬೀಳದ ಹಾಗೆ. ಸುತ್ತಳತೆ ಐದಡಿ ಎರಡಂಗುಲ. ಎತ್ತರ ಯಾವತ್ತೂ ಅಳೆದಿರಲಿಲ್ಲ. ಬಿದ್ದ ಮೇಲೆ ಅಳೆಯಬಹುದು.

ಲಾಲ್ ಕಾಕಾ ಕಿಟಕಿಗೆ ಬಂದರು. "ಏಳು, ಮಾಸ್ಟರ್. ಮೊದಲ ಏಟು ನಿಂದು. ಆಮೇಲೆ ಇವರು ನೋಡ್ಕೋತಾರೆ."

ಬಂದೆ ಅಂದೆ.

"ಈಗ ಏನಪ್ಪಾ ಬರಿಯೋದು?"

ಒಂದು ಸಾಲು ಅಂದೆ. ಹೋದರು. ಕೊಡಲಿ ಮುಟ್ಟುವ ಮುಂಚೆ ಇದನ್ನು ಬರೆದುಬಿಡಬೇಕು. ಆ ಹದಿನೇಳು ದಿನವೂ ನಾನು —