ಮೂರು ವೀಸಾ, ಒಂದು ತಟ್ಟೆ

ಮೆಸ್ಕೆರೆಮ್ 20

ಎದ್ದ ಕೂಡಲೇ ಮತ್ತೆ ಮೇಲ್ ನೋಡಿದೆ. ಬ್ರಿಟನ್ನಿನಿಂದ ಉತ್ತರವಿಲ್ಲ. ಕೆನಡಾದವರ ಪ್ರಕಾರ ನಾನು ಓದಿದ್ದನ್ನೇ ಇನ್ನೊಮ್ಮೆ ಓದಬೇಕಂತೆ. ನಮ್ಮ ಪಂಚಾಂಗದ ಹೊಸ ವರ್ಷ ಮೆಸ್ಕೆರೆಮ್ ಒಂದಕ್ಕೇ ಬಂದು ಹೋಯಿತು, ಕೆಲಸ ಬರಲಿಲ್ಲ.

ಏಜೆಂಟ್ ಗೆಡ್ಲು ಮಾತ್ರ ಬಿಡುವವನಲ್ಲ. ಕೊಲ್ಲಿ ದೇಶದಲ್ಲೊಂದು ಸ್ಕಿನ್ ಕ್ಲಿನಿಕ್, ಲೇಡಿ ಡಾಕ್ಟರ್ ಬೇಕು. ವೀಸಾ, ಮನೆ, ಮಗುವಿನ ಸ್ಕೂಲು, ಎಲ್ಲ ಅವರದೇ. ಒಂದೇ ತಕರಾರು — ನನ್ನ ಬಯೋಡೇಟಾದಿಂದ ಕುಷ್ಠರೋಗದ ವಾರ್ಡಿನ ವರ್ಷಗಳನ್ನು ತೆಗೆಯಬೇಕು. "ಅಲ್ಲಿಗೆ ಬರೋರು ಮುಖ ಬೆಳ್ಳಗೆ ಮಾಡಿಸ್ಕೊಳ್ಳೋಕೆ ಬರ್ತಾರೆ ಡಾಕ್ಟ್ರೇ. ಆ ರೋಗದ ಹೆಸರು ಕೇಳಿದ್ರೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಓಡ್ತಾರೆ" ಅಂದ.

ತೆಗೆದೆ. ಸಂಕಟವಾಯಿತು. ಆ ವಾರ್ಡಿನಲ್ಲಿ ರೋಗಿಗಳ ಜೊತೆ ಒಂದೇ ತಟ್ಟೆಯಲ್ಲಿ, ಹುಳಿ ಹಿಟ್ಟಿನ ದೊಡ್ಡ ದೋಸೆಯಂಥ ನಮ್ಮ ಇಂಜೆರಾ ಹರಿದು ತಿಂದವಳು ನಾನು. ಅವರ ಮನೆಯವರನ್ನು ಎದುರಿಗೆ ಕೂರಿಸಿಕೊಂಡೇ ತಿನ್ನುತ್ತಿದ್ದೆ. ಮಾತ್ರೆ ಶುರುವಾದ ಮೇಲೆ ಅಂಟುವುದಿಲ್ಲ ಅಂತ ಬರೀ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ತಿಕಿಮ್ತ್ 6

ಸಂದರ್ಶನ ಅವರ ಲೆಕ್ಕದಲ್ಲಿ ಹನ್ನೊಂದಕ್ಕೆ, ಸೂರ್ಯೋದಯದಿಂದ ಎಣಿಸುವ ನಮ್ಮ ಲೆಕ್ಕದಲ್ಲಿ ಐದಕ್ಕೆ. ಸಿರಾಕ್ ನಿನ್ನೆಯಿಂದಲೇ ಎರಡೂ ಗಂಟೆಗಳನ್ನು ಸೀಮೆಸುಣ್ಣದಲ್ಲಿ ಅಡುಗೆಮನೆ ಬಾಗಿಲ ಮೇಲೆ ಬರೆದಿಟ್ಟಿದ್ದ. ಮೇಷ್ಟ್ರ ಬುದ್ಧಿ. ಗಂಡನನ್ನು ಮದುವೆಯಾದೆನೋ ಸ್ಕೂಲನ್ನೋ...

ಲೇಸರ್ ಗೊತ್ತಾ, ಫಿಲ್ಲರ್ ಗೊತ್ತಾ ಅಂತ ಕೇಳಿದರು. ರೋಗದ ಬಗ್ಗೆ ಒಂದೂ ಪ್ರಶ್ನೆಯಿಲ್ಲ. ಕೊನೆಗೆ ನಾನೇ ಒಂದು ಷರತ್ತು ಹಾಕಿದೆ — ಗಂಡ, ಮಗಳು, ನಾನು, ಮೂವರಿಗೂ ವೀಸಾ. ಇಲ್ಲದಿದ್ದರೆ ಬರುವುದಿಲ್ಲ. ಆಯಿತು ಅಂದರು.

ಸಿರಾಕ್ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ. ಊಟದಲ್ಲಿ ಇಷ್ಟು ದಪ್ಪನೆಯ ಕೈತುತ್ತು ಸುತ್ತಿ ನನ್ನ ಬಾಯಿಗೆ ತುರುಕಿದ. ಉಸಿರು ಕಟ್ಟುವಷ್ಟು. ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು ಅನ್ನುವ ಜನ ನಾವು. ಬ್ಲೆನ್ ತನಗೂ ಅಂತ ಬಾಯಿ ತೆರೆದುಕೊಂಡು ಕೂತಳು. ಎಂಟು ವರ್ಷವಾದರೂ ಹಕ್ಕಿಮರಿ.

ತಿಕಿಮ್ತ್ 29

ಕಾಂಟ್ರಾಕ್ಟ್ ಬಂತು! ಮೂರು ಹೆಸರು. ಮುಂದಿನ ವಾರದಲ್ಲಿ ಮೂವರಿಗೂ ಮೆಡಿಕಲ್. ಬ್ಲೆನ್‌ಗೆ ಅಪ್ಪ ನಕ್ಷೆಯಲ್ಲಿ ಸಮುದ್ರ ತೋರಿಸುತ್ತಿದ್ದಾನೆ. ಈ ಮನೆಯಲ್ಲಿ ಇಷ್ಟು ನಗು ಕೇಳಿ ಬಹಳ ದಿನವಾಗಿತ್ತು.

ಹಿದಾರ್ 1, ಭಾನುವಾರ

ಅತ್ತೆ ಬಂದಿದ್ದರು. ಕಾಫಿ ಹುರಿಯಲು ಸಿರಾಕ್ ತಾನೇ ಕೂತ. ಅಲ್ಲಿ ಹೆಂಡತಿ ದುಡಿಯುತ್ತಾಳೆ, ಮನೆಯಲ್ಲಿ ತನಗೆ ಇದೇ ಕೆಲಸ, ಈಗಲೇ ರೂಢಿಯಾಗಲಿ ಅಂದ. ಗಂಡಸು ಕಾಫಿ ಹುರಿದರೆ ಬೀಜವೂ ನಾಚಿಕೊಳ್ಳುತ್ತದೆ ಅಂತ ಅತ್ತೆ ಗೊಣಗಿದರು. ಎಲ್ಲರೂ ನಕ್ಕೆವು.

ಬಾಣಲೆಯ ಅಂಚು ಅವನ ಮುಂಗೈಗೆ ಒತ್ತಿಕೊಂಡಿತ್ತು. ಚರ್ಮ ಸುಟ್ಟ ವಾಸನೆ ನನಗೆ ಬಂತು. ಅವನು ಹುರಿಯುತ್ತಲೇ ಇದ್ದ, ಅಮ್ಮನಿಗೆ ಏನೋ ತಮಾಷೆ ಹೇಳುತ್ತ.

ನಾನು ಬಾಣಲೆ ಕಿತ್ತುಕೊಂಡೆ. "ಏನಾಯ್ತೇ?" ಅಂದ.

ಹುರಿಯಲೆಂದು ತೋಳು ಮಡಚಿದ್ದ; ಸುಟ್ಟ ಜಾಗದಲ್ಲೇ, ಮೊಣಕೈಯ ಕೆಳಗೆ, ಮಸುಕಾದ ಒಂದು ಮಚ್ಚೆ. ಉದ್ದ ತೋಳಿನ ಅಂಗಿ ಹಾಕುವ ಮನುಷ್ಯ, ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಅತ್ತೆ ಹೋದ ಮೇಲೆ ಕಣ್ಣು ಮುಚ್ಚಿಸಿ ಕೂರಿಸಿದೆ. ಹತ್ತಿಯ ಎಳೆ ಮುಟ್ಟಿಸಿದಾಗೆಲ್ಲ ಹೇಳು ಅಂದೆ. ಅಂಗೈ ಮೇಲೆ — ಹೂಂ. ಭುಜದ ಮೇಲೆ — ಹೂಂ. ಆಮೇಲೆ ಮಚ್ಚೆಯ ಮೇಲೆ. ಮತ್ತೆ. ಮತ್ತೆ.

ಅವನು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ. "ಮುಟ್ಟೇ ಡಾಕ್ಟರಮ್ಮ. ಎಷ್ಟೊತ್ತು ಕಾಯಿಸ್ತೀಯ?"

ಹಿದಾರ್ 4

ಅನುಮಾನ ಉಳಿದಿಲ್ಲ. ಮೊಣಕೈಯ ನರ ದಪ್ಪವಾಗಿದೆ. ನನ್ನ ಗುರುಗಳ ಹತ್ತಿರವೂ ತೋರಿಸಿದೆ, ಅವರೂ ಅದನ್ನೇ ಹೇಳಿದರು. ಬ್ಲೆನ್‌ಳನ್ನು ತಲೆಯಿಂದ ಕಾಲಿನವರೆಗೆ ನೋಡಿದೆ, ಏನೂ ಇಲ್ಲ. ಸಿರಾಕ್‌ಗೆ ಆರು ತಿಂಗಳು ಮಾತ್ರೆ, ಪೂರ್ತಿ ವಾಸಿ. ಮೊದಲ ಮಾತ್ರೆ ನಾನೇ ನುಂಗಿಸಿದೆ.

ನಾನೇ ತಂದೆನೇ ಇದನ್ನು ಮನೆಗೆ, ಆ ವಾರ್ಡಿನಿಂದ? ಹಾಗಲ್ಲ, ಎಲ್ಲಿಂದಲಾದರೂ ಬಂದಿರಬಹುದು ಅಂತ ನೂರಾರು ಜನಕ್ಕೆ ಹೇಳಿದ್ದೇನೆ. ನನಗೆ ಹೇಳುವವರು ಯಾರು.

ಹಿದಾರ್ 6

ಗೆಡ್ಲುಗೆ ಫೋನ್ ಮಾಡಿದೆ. ಮೆಡಿಕಲ್‌ನಲ್ಲಿ ಇದು ಸಿಕ್ಕಿದರೆ ವೀಸಾ ಇಲ್ಲ, ಅವನಿಗೆ ತಿಳಿದ ಮಟ್ಟಿಗೆ ವಾಸಿಯಾದ ಮೇಲೂ ಇಲ್ಲ. ಆಮೇಲೆ, ಹುಳುಕಡ್ಡಿ ಅಂತ ಒಂದು ಚೀಟಿ ಬರೆದುಕೊಡಿ, ಸಹಿ ಹೇಗೂ ನಿಮ್ಮದೇ ಅಲ್ಲವೇ ಅಂದ.

ಸಿರಾಕ್‌ನನ್ನು ಕೇಳಿದೆ. ಬೇಡ ಅಂದ. ನಾಳೆ ಯಾರಾದರೂ ಕಂಡುಹಿಡಿದರೆ ನಿನ್ನ ಡಾಕ್ಟರಿಕೆಯೇ ಹೋಗುತ್ತದೆ ಅಂದ. ನನಗೆ ಬರೆಯುವ ಮನಸ್ಸಿತ್ತು. ಇದನ್ನು ಇಲ್ಲಿ ಮಾತ್ರ ಹೇಳಬಲ್ಲೆ.

ಹಿದಾರ್ 11

ಬರೆಯಬಾರದು ಅಂದುಕೊಂಡಿದ್ದೆ.

ಊಟಕ್ಕೆ ಕೂತಿದ್ದೆವು. ಒಂದೇ ದೊಡ್ಡ ತಟ್ಟೆ, ಯಾವತ್ತಿನ ಹಾಗೆ. ಸಿರಾಕ್ ತುತ್ತು ಸುತ್ತಿ ಬ್ಲೆನ್ ಕಡೆ ಕೈ ಚಾಚಿದ. ಅವಳು ಬಾಯಿ ತೆರೆದಳು. ನಾನು ಅವನ ಕೈಯನ್ನು ತಳ್ಳಿದೆ.

ತುತ್ತು ಚಾಪೆಯ ಮೇಲೆ ಬಿತ್ತು.

ಯೋಚಿಸಿ ಮಾಡಿದ್ದಲ್ಲ. ಮಾತ್ರೆ ಶುರುವಾಗಿ ವಾರವಾಗಿದೆ, ಅಂಟುವುದಿಲ್ಲ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೈ ತಾನೇ ಹೋಯಿತು. ಖಾರ ಜಾಸ್ತಿ ಇತ್ತು, ಮಗುವಿಗೆ ಆಗುವುದಿಲ್ಲ ಅಂತ ಏನೋ ಅಂದೆ.

ಸಿರಾಕ್ ಬಿದ್ದದ್ದನ್ನು ಬಳಿದು ಎತ್ತಿದ. "ಹೌದು, ಖಾರ ಇತ್ತು" ಅಂದ, ಮಗಳಿಗೆ.

ಹಿದಾರ್ 12

ಅಡುಗೆಮನೆಯಲ್ಲಿ ಅವನು ತನಗೆ ಬೇರೆ ತಟ್ಟೆ ತೆಗೆದುಕೊಂಡಿದ್ದಾನೆ. ನೀಲಿ ಅಂಚಿನದು. ಬೇಡ, ಬಾ ಅಂದೆ. ಬರಲಿಲ್ಲ. ಅತ್ತುಬಿಟ್ಟೆ.

ತಾಹ್ಸಾಸ್ 9

ಇಷ್ಟು ದಿನ ಬರೆಯಲಾಗಲಿಲ್ಲ.

ನಾನು ಹೋಗುವುದಿಲ್ಲ, ಕಾಂಟ್ರಾಕ್ಟ್ ವಾಪಸ್ ಮಾಡುತ್ತೇನೆ ಅಂದೆ. ನನ್ನ ದನಿಯಲ್ಲಿ ಬಲ ಇರಲಿಲ್ಲ. ಅವನಿಗೆ ಅದೂ ಕೇಳಿಸಿತು.

"ಹಿರುತ್, ನಿನ್ ಮೇಲೆ ಕೋಪ ಇಲ್ಲ. ರೋಗಕ್ಕಾದ್ರೆ ಆರು ತಿಂಗಳ ಮಾತ್ರೆ ಇದೆ. ಆವತ್ತು ನಿನ್ ಕೈ ಮಾಡಿದ್ದಕ್ಕೆ ಮಾತ್ರೆ ಎಲ್ಲಿಂದ ತರ್ಲಿ?"

ನಾನು ಆ ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡೆ.

"ದಿನಾ ಊಟಕ್ಕೆ ಕೂತಾಗ ನೀನು ಅಳೋದು, ನಾನು ಸಮಾಧಾನ ಮಾಡೋದು. ಅದು ನನ್ನಿಂದಾಗಲ್ಲ. ಹೋಗ್ಬಿಡು. ಮಗು ಒಳ್ಳೆ ಸ್ಕೂಲಲ್ಲಿ ಓದ್ಲಿ."

ಮಗಳನ್ನು ಕರೆದುಕೊಂಡು ಹೋಗಲು ಒಪ್ಪಿಗೆ ಅಂತ ಸಹಿ ಹಾಕಿಕೊಟ್ಟ. ತಂದೆಯ ಸಹಿ ಇಲ್ಲದೆ ಬಿಡುವುದಿಲ್ಲವಲ್ಲ.

ತಿರ್ 3

ನಾಳೆ ವಿಮಾನ. ಕೋಳಿ ಸಾರು ಮಾಡಿದ್ದೆ, ಮೊಟ್ಟೆ ಹಾಕಿ, ಅವನಿಗೆ ಇಷ್ಟವಾದ ಹಾಗೆ. ನೀಲಿ ಅಂಚಿನ ತಟ್ಟೆಯನ್ನು ನಾನೇ ಬಚ್ಚಿಟ್ಟೆ. ಬಂದು ಕೂತ, ಕೊನೆಗೂ ಒಂದೇ ತಟ್ಟೆಗೆ. ತನ್ನ ಕಡೆಯ ಅಂಚಿನಲ್ಲೇ ತಿಂದ.

ಒಂದು ತುತ್ತು ಸುತ್ತಿದೆ. ಒಳ್ಳೆಯ ಮಾಂಸ, ಮೊಟ್ಟೆಯ ಹಳದಿ. ಅವನ ಬಾಯಿಯವರೆಗೆ ಹಿಡಿದೆ. ಎಷ್ಟೋ ವರ್ಷ ಹೀಗೇ ತಿನ್ನಿಸಿದ್ದೇನೆ, ಕಣ್ಣು ಮುಚ್ಚಿದರೂ ಆ ಬಾಯಿ ಎಲ್ಲಿದೆ ಅಂತ ಗೊತ್ತು.

ಅಂಗೈ ಚಾಚಿ ಇಸಿದುಕೊಂಡ. ಥ್ಯಾಂಕ್ಸ್ ಅಂದ. ತಾನೇ ತಿಂದ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಜನವರಿ 26

ಇಲ್ಲಿಯ ತಾರೀಖು ಹಾಕುತ್ತಿದ್ದೇನೆ. ಊರಿನಲ್ಲಿ ಇವತ್ತು ತಿರ್ 18.

ಕೆಲಸ ಸುಲಭ. ದಿನವಿಡೀ ಕೂದಲು ತೆಗೆಯುವುದು, ಕಲೆ ಅಳಿಸುವುದು. ಎಲ್ಲಕ್ಕೂ ಗ್ಲೌಸ್. ಬರಿಗೈಯಲ್ಲಿ ಯಾರನ್ನೂ ಮುಟ್ಟಿಲ್ಲ, ಇಲ್ಲಿಗೆ ಬಂದ ಮೇಲೆ. ಸಿರಾಕ್ ಫೋನ್ ಮಾಡುತ್ತಾನೆ, ಮಾತ್ರೆ ತಪ್ಪಿಸಿಲ್ಲ ಅನ್ನುತ್ತಾನೆ, ಫೋನು ಮಗಳಿಗೆ ಕೊಡು ಅನ್ನುತ್ತಾನೆ.

ನಮ್ಮವರ ಅಂಗಡಿಯಲ್ಲಿ ಇಂಜೆರಾ ಸಿಕ್ಕಿತು, ಫ್ರೀಜರಿನದು, ಅಂಚು ಒಣಗಿದ್ದು. ಮಧ್ಯೆ ತಟ್ಟೆ ಇಟ್ಟು ಇಬ್ಬರೇ ಕೂತೆವು. ಬ್ಲೆನ್ ಒಂದು ತುತ್ತು ಸುತ್ತಿ ನನ್ನ ಬಾಯಿಯ ಹತ್ತಿರ ಹಿಡಿದಳು. ಸಾರು ಮೊಣಕೈವರೆಗೆ ಸೋರುತ್ತಿತ್ತು. ಇದೇನೇ ಹೊಸದು ಅಂದೆ.

"ಅಪ್ಪ ಏರ್‌ಪೋರ್ಟಲ್ಲಿ ಹೇಳಿದ್ರು. ಅಮ್ಮಂಗೆ ಅಲ್ಲಿ ತುತ್ತು ಕೊಡೋರು ಯಾರೂ ಇರಲ್ಲ, ನೀನೇ ಕೊಡು ಅಂತ. ಬ್ರೆಡ್ಡಲ್ಲಿ ಹೆಂಗ್ ಕೊಡೋದು? ಇಂಜೆರಾ ಸಿಗ್ಲಿ ಅಂತ ಕಾಯ್ತಿದ್ದೆ."

ತಿಂದೆ. ಅವಳು ಆಗಲೇ ಇನ್ನೊಂದು ಸುತ್ತುತ್ತಿದ್ದಳು, ಮೊದಲಿನದಕ್ಕಿಂತ ದೊಡ್ಡದು, ಎರಡೂ ಕೈ ಹಾಕಿ.

"ಅದು ನಂದು. ಇದು ಅಪ್ಪಂದು. ಬಾಯಿ ದೊಡ್ಡದಾಗಿ ತೆಗಿ."

ತೆರೆದೆ. ಕೈ ಅಡ್ಡ ಬರಬಾರದು ಅಂತ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಾನು ಅವನ ತುತ್ತನ್ನು ಬಾಯ್ತುಂಬ ತಿಂದೆ.